ಕೆರೆ ಕಾಣುವ ಕೋಣೆ, ಬಿಸಿಲು ಬೀಳುವ ಕೋಣೆ

ಪುತ್ತೂರು ಕಡೆಯ ಕುಂಬ್ರದ ಅಡಿಕೆ ಮನೆಗಳಲ್ಲಿ ಪ್ರವಾಸದ ಮಾತೆದ್ದರೆ ಮೊದಲು ಇತ್ಯರ್ಥವಾಗಬೇಕಾದ ಸಂಗತಿ ಎರಡು: ತೋಟಕ್ಕೆ ನೀರು ಬಿಡುವವರು ಯಾರು, ಹಟ್ಟಿಯಲ್ಲಿ ಹಾಲು ಕರೆಯುವವರು ಯಾರು. ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್ ತಿಂಗಳಲ್ಲಿ. ತೋಡಿನ ಕಟ್ಟದಲ್ಲಿ ನೀರು ತಳ ಹಿಡಿಯುವುದೂ, ಸ್ಪ್ರಿಂಕ್ಲರ್ ತಿರುಗಿಸದಿದ್ದರೆ ಅಡಿಕೆಯ ಸೋಗೆ ಜೋತುಬೀಳುವುದೂ ಅದೇ ತಿಂಗಳಲ್ಲಿ. ಹಾಗಾಗಿ 1980ರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಅಲ್ಲಿನ ಒಳಮೊಗ್ರು ಗ್ರಾಮದ ಒಂದು ಮನೆಯವರು ಊಟಿಗೆ ಹೋಗುವುದೆಂದು ಗಟ್ಟಿಯಾದದ್ದು, ಪಕ್ಕದ ಮನೆಯ ಭಾವ "ನೀವು ಹೋಗಿ ಬನ್ನಿ, ಪಂಪಿನ ಚಿಂತೆ ಬಿಡಿ" ಎಂದ ಮೇಲೆಯೇ.

ಎಲ್ಲಿ ಉಳಿಯುವುದು ಎಂಬ ಪ್ರಶ್ನೆ ಎದ್ದದ್ದು ಅದಾದ ನಂತರ. ಆಗ ಫೋನು ಊರಿಗೊಂದು, ಅದೂ ಟ್ರಂಕ್ ಕಾಲ್. ಮನೆಯ ಯಜಮಾನರು ಗುರುತಿನವರಿಂದ ನಾಲ್ಕಾರು ವಸತಿಗೃಹಗಳ ವಿಳಾಸ ಪಡೆದು ರಿಪ್ಲೈ ಕಾರ್ಡ್ ಬರೆದರು. ಬಾಡಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅವರು ಅದರ ಜೊತೆಗೆ ಇನ್ನೂ ಮೂರನ್ನು ಕೇಳಿದ್ದರು. ಕೋಣೆಗೆ ಬೆಳಗ್ಗಿನ ಬಿಸಿಲು ಬೀಳುತ್ತದೆಯೇ? ಕುಡಿಯುವ ನೀರು ಎಲ್ಲಿಯದು? ಅಡುಗೆ ಮಾಡಿಕೊಳ್ಳಲು ಬಿಡುತ್ತೀರಾ? ಕೆರೆಯ ಬದಿಯ ಒಂದು ಲಾಡ್ಜಿನವರು ಈ ಮೂರಕ್ಕೂ ಉತ್ತರ ಬರೆಯದೆ, ದೋಣಿಗಳ ಬಣ್ಣದ ಚಿತ್ರವಿದ್ದ ಕರಪತ್ರ ಕಳಿಸಿದರು. ಆ ಚಿತ್ರವೇ ಮಕ್ಕಳನ್ನು ಗೆದ್ದಿತು. ಏಳನೇ ಕ್ಲಾಸು ಮುಗಿಸಿದ್ದ ಮಗಳು ಅದನ್ನು ಪುಸ್ತಕದೊಳಗೆ ಇಟ್ಟುಕೊಂಡಳು. ಕಿಟಕಿ ತೆಗೆದರೆ ಕೆರೆ ಕಾಣಬೇಕು. ಇಲ್ಲದಿದ್ದರೆ ಊಟಿಗೆ ಯಾಕೆ ಹೋಗುವುದು?

ಅಪ್ಪ ಅವಳನ್ನು ಜಗಲಿಗೆ ಕರೆದು ಎದುರಿನ ಇಳಿಜಾರನ್ನು ತೋರಿಸಿದರು.

"ನಮ್ಮ ತೋಟ ಎಲ್ಲಿ ಉಂಟು?"

"ಕೆಳಗೆ."

"ಮನೆ?"

"ಮೇಲೆ."

"ಅಜ್ಜ ತೋಡಿನ ಬದಿಯಲ್ಲೇ ಮನೆ ಕಟ್ಟಬಹುದಿತ್ತಲ್ಲ, ನೀರು ಹತ್ತಿರ. ಯಾಕೆ ಕಟ್ಟಲಿಲ್ಲ?"

ಉತ್ತರ ಅವಳಿಗೆ ಗೊತ್ತಿತ್ತು. ಪುತ್ತೂರು, ಸುಳ್ಯದ ಕಡೆ ತೋಟವಿರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಮನೆ ಅದರ ಮೇಲಿನ ಏರಿನಲ್ಲಿ. ಡಿಸೆಂಬರಿನ ಬೆಳಿಗ್ಗೆ ಅಂಗಳದಲ್ಲಿ ಆಗಲೇ ಎಳೆಬಿಸಿಲು ಬಂದು ಅಡಿಕೆ ಹರವಲು ಶುರುಮಾಡುವ ಹೊತ್ತಿಗೆ, ತೋಟಕ್ಕಿಳಿದವರು ತಲೆಗೆ ಬೈರಾಸು ಸುತ್ತಿಕೊಳ್ಳಬೇಕಾಗುತ್ತದೆ. ರಾತ್ರಿಯಲ್ಲಿ ನೆಲ ತನ್ನ ಕಾವನ್ನು ಕಳೆದುಕೊಳ್ಳುತ್ತದೆ; ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಹೋಗಿ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಇದೇ ಸಂಗತಿ ಹತ್ತು ಪಟ್ಟು ಜೋರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿ ಹಿಮಮಂಜು ಹುಲ್ಲನ್ನು ಬೆಳ್ಳಗೆ ಮಾಡುವುದು ರೇಸ್‌ಕೋರ್ಸ್, ಕಾಂದಲ್, ತಲೈಕುಂದದಂಥ ತಗ್ಗುಗಳಲ್ಲಿ ಮೊದಲು. ಗುಡ್ಡದ ಮೈಗೆ ಅಷ್ಟಾಗಿ ತಾಗುವುದಿಲ್ಲ. ಕೆರೆ ಎಂದರೆ ಊರಿನ ಅತಿ ತಗ್ಗಿನ ಜಾಗ. ಕೆರೆಗೆ ತಾಗಿದ ಕೋಣೆ ಚಳಿಗೂ ಮಂಜಿಗೂ ತೇವಕ್ಕೂ ಮೊದಲ ಮನೆ. ಕಾರ್ಡಿನಲ್ಲಿ ಅಪ್ಪ ಬಿಸಿಲನ್ನು ಕೇಳಿದ್ದು ಅದಕ್ಕೆ.

ಆ ಕೆರೆಯ ಕಥೆಯನ್ನೂ ಅವರು ಓದಿಕೊಂಡಿದ್ದರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿ ಹತ್ತಿ, 1820ರ ದಶಕದಲ್ಲಿ ಅಲ್ಲಿ ಕಲ್ಲಿನ ಮನೆ ಕಟ್ಟಿಸಿ, ಆಲೂಗಡ್ಡೆ ನೆಡಿಸಿ, ಗುಡ್ಡಗಳಿಂದ ಇಳಿಯುವ ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿಸಿ ಮಾಡಿದ ಕೆರೆ ಅದು. ಒಂದು ಕಾಲಕ್ಕೆ ಈಗಿನದಕ್ಕಿಂತ ದೊಡ್ಡದಿತ್ತು. ಮೇಲಿನ ತುದಿಯ ನೆಲ ಕಾಲಕ್ರಮೇಣ ರೇಸ್‌ಕೋರ್ಸಿಗೆ, ಬಸ್ ನಿಲ್ದಾಣಕ್ಕೆ, ಉದ್ಯಾನಕ್ಕೆ ಹೋಯಿತು. ಉಳಿದದ್ದು ಸುಮಾರು 65 ಎಕರೆ. ಕುಂಬ್ರದವರ ಮಟ್ಟಿಗೆ ಇದರಲ್ಲಿ ಅಚ್ಚರಿಯಿಲ್ಲ. ಮಳೆ ಬಿಟ್ಟ ಮೇಲೆ ತೋಡಿಗೆ ಕಲ್ಲು, ಮಣ್ಣು, ಸೊಪ್ಪು ಸೇರಿಸಿ ಕಟ್ಟ ಹಾಕುವವರಿಗೆ ಅದು ಒಂದು ದೊಡ್ಡ ಕಟ್ಟ, ಅಷ್ಟೆ. ಕಟ್ಟ ಹಾಕಿದವನಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ: ಮೇಲಿನವರು ಬಿಟ್ಟದ್ದೆಲ್ಲ ಅಲ್ಲಿಗೇ ಬಂದು ಸೇರುತ್ತದೆ.

ಕೊನೆಗೆ ಗೊತ್ತಾದದ್ದು ಫರ್ನ್‌ಹಿಲ್ ಏರಿನ ಒಂದು ಹಳೆಯ ಹೆಂಚಿನ ಮನೆ. ಫರ್ನ್‌ಹಿಲ್ ಎಂದರೆ ಮೈಸೂರಿನ ಅರಸರು ಹತ್ತೊಂಬತ್ತನೇ ಶತಮಾನದಲ್ಲಿ ಕೊಂಡು ಬೇಸಗೆ ಅರಮನೆ ಮಾಡಿಕೊಂಡ ಜಾಗ. ಕರ್ನಾಟಕ ರಾಜ್ಯದ ಪ್ರವಾಸೋದ್ಯಮ ನಿಗಮದ ಮಯೂರ ಸುದರ್ಶನ ಹೋಟೆಲು ಇರುವುದೂ ಅಲ್ಲೇ, ತೋಟಗಾರಿಕೆ ಇಲಾಖೆಯ 38 ಎಕರೆಯ ಕರ್ನಾಟಕ ಸಿರಿ ಉದ್ಯಾನ ಮುಂದೆ ತೆರೆದುಕೊಂಡದ್ದೂ ಅಲ್ಲೇ. ಆ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಗಳಿದ್ದವು. ನೋಡಿಕೊಳ್ಳುತ್ತಿದ್ದ ಅಜ್ಜ ನೀಲಗಿರಿಯ ಬಡಗ ಸಮುದಾಯದವರು. ಅವರ ಕಾರ್ಡು ಹೀಗಿತ್ತು: ಬಿಸಿಲು ಏಳು ಗಂಟೆಗೆ ಬರುತ್ತದೆ, ನೀರು ಒರತೆಯದು, ಅಡುಗೆಗೆ ಅಡ್ಡಿಯಿಲ್ಲ, ಕೆರೆ ಕಾಣುವುದಿಲ್ಲ.

ಕೊನೆಯ ಎರಡು ಪದ ಓದಿ ಮಕ್ಕಳ ಮುಖ ಸಣ್ಣಗಾಯಿತು.

ಬಾಡಿಗೆ ವ್ಯಾನು ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಮೈಸೂರು, ಗುಂಡ್ಲುಪೇಟೆ ಹಾದು ಬಂಡೀಪುರದ ಕಾಡಿಗೆ ಬಂತು. ಆಗ ರಾತ್ರಿಯೂ ಆ ಕಾಡಿನಲ್ಲಿ ವಾಹನ ಓಡುತ್ತಿತ್ತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ ಬಂದದ್ದು 2009ರಲ್ಲಿ. ಗುಡಲೂರು, ನಡುವಟ್ಟಂ ಕಳೆದು ಪೈಕಾರದ ನೀರು ಕಂಡಾಗ ಮಕ್ಕಳು ಇದೇ ಊಟಿಯ ಕೆರೆ ಎಂದು ಕೂಗಿದರು. ಅಪ್ಪ ವ್ಯಾನು ನಿಲ್ಲಿಸಿ, ಇಲ್ಲಿಯ ನೀರಿನಿಂದ 1932ರಿಂದಲೇ ವಿದ್ಯುತ್ ತೆಗೆಯುತ್ತಿದ್ದಾರೆ ಎಂದು ಹೇಳಿದರು. ಕೇಳಿಸಿಕೊಂಡವರು ಡ್ರೈವರ್ ಮಾತ್ರ.

ಫರ್ನ್‌ಹಿಲ್ ಮನೆಯ ಮೊದಲ ರಾತ್ರಿಯ ನೆನಪೆಂದರೆ ಅಮ್ಮನ ಅನ್ನ. ಹೊರಗಿನ ಊಟ ಮಕ್ಕಳ ಹೊಟ್ಟೆಗೆ ಆಗುವುದಿಲ್ಲ ಎಂದು ಕುಂಬ್ರದಿಂದಲೇ ಕುಚ್ಚಲಕ್ಕಿ, ಉಪ್ಪಿನಕಾಯಿ, ತೆಂಗಿನಕಾಯಿ ಬಂದಿದ್ದವು. ಪಾತ್ರೆಯಲ್ಲಿ ನೀರು ಕುದಿಯಿತು, ಅಕ್ಕಿ ಬಿತ್ತು, ಗಂಟೆ ಕಳೆಯಿತು, ಅಗುಳು ಗಟ್ಟಿಯಾಗಿಯೇ ಇತ್ತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ. ನೀರು 92, 93 ಡಿಗ್ರಿಗೇ ಕುದಿಯತೊಡಗುತ್ತದೆ, ಎಷ್ಟು ಬೆಂಕಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಬೆಳ್ತಿಗೆ ಅಕ್ಕಿಯಾದರೆ ಹೇಗೋ ಆದೀತು. ಕುಚ್ಚಲಕ್ಕಿಗೆ ಅದು ಸಾಲದು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಆ ಮನೆಯ ಬಡಗ ಅಜ್ಜಿ ಏನೂ ಹೇಳದೆ ಹೋಗಿ ತಮ್ಮ ಪ್ರೆಶರ್ ಕುಕ್ಕರ್ ತಂದಿಟ್ಟರು. ಅವರ ಮಾತು ಅಮ್ಮನಿಗೆ ಅರ್ಧ ತಿಳಿಯುತ್ತಿತ್ತು, ಅಮ್ಮನ ಮಾತು ಅವರಿಗೆ ಅರ್ಧಕ್ಕಿಂತ ಹೆಚ್ಚು. ಬಡಗ ಭಾಷೆ ಕನ್ನಡಕ್ಕೆ ಅಷ್ಟು ಹತ್ತಿರ. ಶೀಷೆಯಲ್ಲಿ ಗಟ್ಟಿಯಾಗಿ ಕೂತ ತೆಂಗಿನೆಣ್ಣೆಯನ್ನು ಒಲೆಯ ಬದಿಯಲ್ಲಿಟ್ಟು ಕರಗಿಸುತ್ತ, ಕುಕ್ಕರಿನ ಸೀಟಿ ಎಣಿಸುತ್ತ, ಆ ಇಬ್ಬರೂ ಅಷ್ಟು ಹೊತ್ತಿನಲ್ಲಿ ಹೆರಿಗೆ, ಹಟ್ಟಿ, ಸೊಸೆಯಂದಿರು ಎಲ್ಲವನ್ನೂ ಮಾತಾಡಿ ಮುಗಿಸಿದ್ದರು. ಅಡುಗೆಗೆ ಬಿಡುವ ಮನೆಯನ್ನು ಹುಡುಕಿದ್ದು ದುಡ್ಡು ಉಳಿಸಲಿಕ್ಕೆ ಎಂದು ಮಗಳು ಆಗ ತಿಳಿದಿದ್ದಳು. ಒಂದು ಊರಿನವರ ಜೊತೆ ಕೂತು ಮಾತಾಡಲು ಅಡುಗೆಕೋಣೆಗಿಂತ ನೇರ ದಾರಿ ಇನ್ನೊಂದಿಲ್ಲ ಎಂಬುದು ಅವಳ ಈಗಿನ ಅಭಿಪ್ರಾಯ.

ಬೆಳಿಗ್ಗೆ ಏಳಕ್ಕೆ ಬಿಸಿಲು ಬಂತು. ಕಾರ್ಡಿನಲ್ಲಿ ಬರೆದ ಹಾಗೇ. ಕೆಳಗೆ, ಕೆರೆ ಇರಬೇಕಾದ ಕಡೆ, ಬಿಳಿ ಮಂಜು ದಟ್ಟವಾಗಿ ಮಲಗಿತ್ತು. ಏರಿನ ಅಂಗಳದಲ್ಲಿ ಮಕ್ಕಳು ಸ್ವೆಟರ್ ಬಿಚ್ಚಿ ಓಡಾಡುತ್ತಿದ್ದರು. ಒಂಬತ್ತರ ಹೊತ್ತಿಗೆ ಮಂಜು ಎದ್ದಿತು. ಮಧ್ಯಾಹ್ನ ಎಲ್ಲರೂ ಕೆರೆಗಿಳಿದು ದೋಣಿ ಹತ್ತಿದರು, ಕುದುರೆ ಸವಾರಿಯೂ ಆಯಿತು. ಪಟ್ಟಣದ ನೀರನ್ನೆಲ್ಲ ಹೊತ್ತು ತರುವ ಕೊಡಪ್ಪಮಂದ್ ಕಾಲುವೆ ಕೆರೆಗೆ ಸೇರುವ ಕಡೆ ಅಪ್ಪ ನಿಂತುಬಿಟ್ಟರು. ಊರು ಬೆಳೆದಂತೆ ಆ ಕಾಲುವೆಯ ಕೊಳೆ ಹೆಚ್ಚುತ್ತಲೇ ಹೋಗಿದೆ. ಕೆರೆಯ ಹೂಳೆತ್ತುವ, ಕಾಲುವೆ ಶುದ್ಧ ಮಾಡುವ ಯೋಜನೆಗಳು ದಶಕದಿಂದ ದಶಕಕ್ಕೆ ಬರುತ್ತಲೇ ಇವೆ. ಬೇಸಗೆಯಲ್ಲಿ ನೀರು ಇಳಿದಾಗ ಅದರ ದಂಡೆಯ ಕಿಟಕಿಗಳನ್ನು ತೆರೆದಿಡುವುದು ಕಷ್ಟ. ಈ ನೀರು ಕೆಟ್ಟರೆ ಕೆಳಗಿನ ಊರಿನವರು ಏನು ಮಾಡುತ್ತಾರೆ ಎಂದು ಅಪ್ಪ ಕೇಳಿದ್ದು ಮಗಳಿಗೆ ಇನ್ನೂ ಕಿವಿಯಲ್ಲಿದೆ. ಪ್ರವಾಸಕ್ಕೆ ಬಂದವರು ಕೇಳುವ ಪ್ರಶ್ನೆ ಅದಾಗಿರಲಿಲ್ಲ. ಕೇಳಬೇಕಾದ ಪ್ರಶ್ನೆ ಅದೇ ಎಂದು ಈಗ ಅನಿಸುತ್ತದೆ.

ಮುಂದೆ ಮದುವೆಯಾಗಿ ಮಂಗಳೂರಿಗೆ ಹೋದ ಮೇಲೂ ಅವಳು ಬೆಟ್ಟದ ಕೆರೆಗಳನ್ನು ಬಿಡಲಿಲ್ಲ. ವೀರ್ ಹೆನ್ರಿ ಲೆವಿಂಜ್ 1863ರಲ್ಲಿ ಕಟ್ಟಿಸಿದ ಕೊಡೈಕನಾಲಿನ ಕೆರೆಯನ್ನು ಸುತ್ತು ಹಾಕಿದ್ದಾಳೆ. ಸೋಮವಾರಪೇಟೆ ಕಡೆಯ ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದ ಹೊತ್ತಿಗೆ ಹೋಗಿ ಬಂದಿದ್ದಾಳೆ. ಎಲ್ಲ ಕಡೆಯೂ ಕೋಣೆ ಹಿಡಿಯುವಾಗ ಕೇಳುವುದು ಅಪ್ಪನ ಪ್ರಶ್ನೆಗಳನ್ನೇ.

ಆ ಪ್ರಶ್ನೆಗಳಿಗೆ ಇನ್ನೊಂದು ಸೇರಿಕೊಂಡದ್ದು 2018ರ ಆಗಸ್ಟಿನಲ್ಲಿ. ಆ ಮಳೆಗೆ ಕೊಡಗಿನಲ್ಲಿ ಗುಡ್ಡಗಳು ಜರಿದವು. ಸಂಪಾಜೆ ದಾಟಿದರೆ ಸಿಗುವ ಜೋಡುಪಾಲ, ಅಲ್ಲಿಂದ ಮದೆನಾಡಿನವರೆಗಿನ ರಸ್ತೆ ಮಣ್ಣಿನಡಿ ಹೋಯಿತು. ಕುಂಬ್ರದ ಮುಂದೆ ಹಾದುಹೋಗುವ ಮಾಣಿ–ಮೈಸೂರು ಹೆದ್ದಾರಿ ಮಡಿಕೇರಿಗೆ ತಲುಪದೆ ನಿಂತಿತು. ಮನೆ ಕಳೆದುಕೊಂಡವರು ಸುಳ್ಯದ ಕಡೆಯ ಪರಿಹಾರ ಕೇಂದ್ರಗಳಿಗೆ ಇಳಿದು ಬಂದರು. ಮರುವರ್ಷ ಅದೇ ತಿಂಗಳಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ವರ್ಷವಿಡೀ ಸುಮಾರು 400 ಸೆಂಟಿಮೀಟರ್ ಕಾಣುವ ಪುತ್ತೂರಿನವರಿಗೆ ಆ ಅಂಕಿಯ ಭಾರ ಥಟ್ಟನೆ ತಿಳಿಯುತ್ತದೆ: ವರ್ಷದ ಮಳೆಯ ಐದನೆಯ ಒಂದು ಪಾಲು, ಒಂದೇ ಹಗಲು ರಾತ್ರಿಯಲ್ಲಿ. ಅದಕ್ಕೂ ಹಿಂದೆ, 2009ರ ನವೆಂಬರಿನಲ್ಲಿ, ಅದೇ ನೀಲಗಿರಿ ಜಿಲ್ಲೆಯಲ್ಲಿ ಗುಡ್ಡ ಜರಿದು 40ಕ್ಕೂ ಹೆಚ್ಚು ಜನ ಸತ್ತಿದ್ದರು.

ಏರಿನ ಮೇಲಿರುವುದು ಒಳ್ಳೆಯದು ಎಂಬ ಅಪ್ಪನ ಮಾತಿಗೆ ಇಲ್ಲಿ ಒಂದು ಷರತ್ತು ಬೇಕಾಗುತ್ತದೆ. ಯಾವ ಏರು? ಮನೆಯ ಹಿಂದಿನ ಬರೆಯನ್ನು ಜೆಸಿಬಿಯಲ್ಲಿ ಗೋಡೆಯ ಹಾಗೆ ನೇರ ಕತ್ತರಿಸಿದ್ದಾರೆಯೇ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಾರೆಯೇ? ಒರತೆಯ ದಾರಿಗೆ ಅಡ್ಡವಾಗಿ ಕಾಂಕ್ರೀಟ್ ಬಿದ್ದಿದೆಯೇ? ಮೇಲೆ ಮರ ಇದೆಯೇ, ಕಡಿದು ಬಯಲು ಮಾಡಿದ್ದಾರೆಯೇ? ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ಕಿಟಕಿಯ ಮುಂದಿನ ನೋಟಕ್ಕಿಂತ ಮೊದಲು ಮನೆಯ ಬೆನ್ನಿಗಿರುವ ಮಣ್ಣನ್ನು ನೋಡಬೇಕು. ಸುಳ್ಯದ ಯಾವ ಕೃಷಿಕನೂ ತನ್ನ ಹಟ್ಟಿಯನ್ನು ನೇರ ಕಡಿದ ಬರೆಯ ಬುಡದಲ್ಲಿ ಕಟ್ಟಲಾರ. ದನಕ್ಕೆ ತೋರುವ ಆ ಜಾಗ್ರತೆ ಬೆಟ್ಟಕ್ಕೆ ಬಂದ ಅತಿಥಿಗಳಿಗೂ ಸಿಗಬೇಡವೇ?

ಇನ್ನೂ ಒಂದು ವಿಷಯದಲ್ಲಿ ಅವಳದು ಗಟ್ಟಿ ನಿಲುವು. ಊಟಿಯಲ್ಲಿ ಕೋಣೆ ಸಿಗದವರು ಘಾಟಿಯ ಬುಡದ ಮಸಿನಗುಡಿಯಲ್ಲಿ ಉಳಿಯುವುದುಂಟು. ಅಲ್ಲಿಯ ಸೀಗೂರು ಪ್ರಸ್ಥಭೂಮಿ ಆನೆಗಳು ಹಾದುಹೋಗುವ ದಾರಿ. 2018ರಲ್ಲಿ ಸುಪ್ರೀಂ ಕೋರ್ಟ್ ಆ ದಾರಿಯಲ್ಲಿದ್ದ ಹಲವು ರೆಸಾರ್ಟುಗಳಿಗೆ ಬೀಗ ಹಾಕಿಸಿತು. 2020ರ ಅಕ್ಟೋಬರ್ 14ರ ತೀರ್ಪಿನಲ್ಲಿ ಆನೆ ದಾರಿಯನ್ನು ಎತ್ತಿಹಿಡಿಯಿತು. ಕಡಬದ, ಸುಳ್ಯದ ಅಂಚಿನ ತೋಟಗಳಲ್ಲಿ ಆನೆ ಬಾಳೆ ಮುರಿದ ಬೆಳಿಗ್ಗೆಗಳನ್ನು ಕಂಡವಳಿಗೆ, ಆನೆಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಎಲ್ಲಿಗೆ ಬರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆ ದಾರಿಯ ಮೇಲೆ ಕಟ್ಟಿದ ಕೋಣೆ ಪುಕ್ಕಟೆ ಸಿಕ್ಕರೂ ಅವಳಿಗೆ ಬೇಡ.

2025ರ ಬೇಸಗೆಯಲ್ಲಿ ಹದಿಹರೆಯದ ಮಗನಿಗೆ ನೀಲಗಿರಿ ನೋಡಬೇಕಾಗಿತ್ತು. ಕಾಲ ಬದಲಾಗಿತ್ತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕನಾಲಿಗೂ ಇ-ಪಾಸ್ ಬೇಕು. ಎಷ್ಟು ಜನ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ ಎಂದು ಅದು ಕೇಳುತ್ತದೆ. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳ ಮಿತಿಯೂ ಬಂತು. ಎಲ್ಲಿ ಉಳಿಯುವುದು ಎಂಬುದು ಮನೆಯ ಜಗಲಿಯ ಚರ್ಚೆಯಾಗಿದ್ದದ್ದು ಈಗ ಸರಕಾರಿ ಅರ್ಜಿಯ ಒಂದು ಕಲಮು. ಮಗ ಫೋನಿನಲ್ಲಿ ಕೆರೆಯೆದುರಿನ ಕೋಣೆಗಳ ಚಿತ್ರ ಒಂದೊಂದಾಗಿ ತೋರಿಸುತ್ತಿದ್ದ. ಅವಳು ಚಿತ್ರ ನೋಡದೆ ನಂಬರ್ ತೆಗೆದುಕೊಂಡು ನೇರ ಫೋನ್ ಹಚ್ಚಿದಳು. "ಬೆಳಿಗ್ಗೆ ಬಿಸಿಲು ಎಷ್ಟು ಗಂಟೆಗೆ ಬೀಳ್ತದೆ? ನೀರು ಟ್ಯಾಂಕರಿನದ್ದಾ, ಒರತೆಯದ್ದಾ? ಮನೆಯ ಹಿಂದೆ ಬರೆ ಉಂಟಾ?" ಕೆಲವರು ಫೋನ್ ಇಟ್ಟರು. ಒಬ್ಬರು ಮಾತ್ರ ಖುಷಿಯಾಗಿ ಉತ್ತರಿಸುತ್ತ ಹೋದರು. ಅವರದು ಎಮರಾಲ್ಡ್ ಕಡೆಯ ಒಂದು ಹಳ್ಳಿಯಲ್ಲಿ, ಚಹಾ ತೋಟದ ನಡುವೆ ಎರಡು ಕೋಣೆಯ ಮನೆ.

ಎಮರಾಲ್ಡ್ ಊಟಿಯಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ. ಅಲ್ಲಿಯ ನೀರೂ ಮನುಷ್ಯರು ನಿಲ್ಲಿಸಿದ್ದೇ. ಸ್ವಾತಂತ್ರ್ಯದ ನಂತರ ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕಟ್ಟಿದ ಕುಂದಾ ಜಲವಿದ್ಯುತ್ ಯೋಜನೆಯಲ್ಲಿ ಎಮರಾಲ್ಡ್, ಅವಲಾಂಚಿ ಜಲಾಶಯಗಳು ಸೇರಿವೆ. ವಿದ್ಯುತ್ತಿಗೆಂದು ನೀರು ಬಿಡುವುದರಿಂದ ಬೇಸಗೆಯಲ್ಲಿ ಮಟ್ಟ ಇಳಿದು ದಡದುದ್ದಕ್ಕೂ ಕೆಂಪು ಮಣ್ಣಿನ ಪಟ್ಟೆ ಬಿಚ್ಚಿಕೊಂಡಿತ್ತು. ಕೆರೆ ತುಂಬಿದ್ದ ಚಿತ್ರಗಳನ್ನು ಕಂಡಿದ್ದ ಮಗನಿಗೆ ಮೊದಲ ದಿನ ನಿರಾಸೆ. ಮನೆಯ ಯಜಮಾನರ ಜೊತೆ ಕ್ಯಾರೆಟ್ ಹೊಲಕ್ಕೆ ಹೋಗಿ, ಕಿತ್ತ ಕ್ಯಾರೆಟ್ಟನ್ನು ದೊಡ್ಡ ಯಂತ್ರದಲ್ಲಿ ಉರುಳಿಸಿ ತೊಳೆಯುವುದನ್ನು ನೋಡಿ ಬಂದವನು ಮಾರನೆಯ ದಿನದಿಂದ ಊಟಿ ಪೇಟೆಯ ಹೆಸರೆತ್ತಲಿಲ್ಲ. ಸಂಜೆ ದಡದಲ್ಲಿ ಮೇಯುವ ಎಮ್ಮೆಗಳ ಆಚೆಗೆ ನೀರು ಕಾಣುತ್ತಿತ್ತು. ದೋಣಿಯಿಲ್ಲ, ಅಂಗಡಿಯಿಲ್ಲ.

ಹತ್ತಿರದ ಚಹಾ ತೋಟದ ಲೈನ್‌ಮನೆಯಿಂದ ಒಬ್ಬರು ಅಜ್ಜಿ ಅಡುಗೆಗೆ ನೆರವಾಗಲು ಬರುತ್ತಿದ್ದರು. ಎಲ್ಲಿಯವರು ನೀವು ಎಂದು ತಮಿಳಿನಲ್ಲಿ ಕೇಳಿದರು. ಪುತ್ತೂರು ಎಂದಾಗ ತಿಳಿಯಲಿಲ್ಲ. ಸುಳ್ಯದ ಹತ್ತಿರ ಎಂದ ಕೂಡಲೇ ಕೈಯ ಪಾತ್ರೆ ಕೆಳಗಿಟ್ಟರು. "ಸುಳ್ಯ? ರಬ್ಬರ್ ಸುಳ್ಯ?"

ಹೌದು, ರಬ್ಬರ್ ಸುಳ್ಯ. 1964ರ ಅಕ್ಟೋಬರಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಂತೆ ಶ್ರೀಲಂಕೆಯ ಚಹಾ ತೋಟಗಳ ಲಕ್ಷಾಂತರ ತಮಿಳು ಕಾರ್ಮಿಕರು ಭಾರತಕ್ಕೆ ಮರಳಬೇಕಾಯಿತು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು 1968ರಲ್ಲಿ ನೀಲಗಿರಿಯಲ್ಲಿ ಸರಕಾರಿ ಚಹಾ ತೋಟಗಳನ್ನು ಶುರುಮಾಡಿತು. ಕರ್ನಾಟಕದಲ್ಲಿ ಹಲವು ಕುಟುಂಬಗಳಿಗೆ ಕೆಲಸ ಸಿಕ್ಕಿದ್ದು ಪುತ್ತೂರು, ಸುಳ್ಯದ ಕಾಡಂಚಿನ ರಬ್ಬರ್ ತೋಟಗಳಲ್ಲಿ. ಈಗ ಅವು ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಕುಂಬ್ರದ ಪೇಟೆಗೆ, ಬೆಳ್ಳಾರೆಯ ಪೇಟೆಗೆ ಬರುವ ಆ ಕಾಲನಿಗಳ ಜನರನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಅಣ್ಣನನ್ನು ಒಂದು ಕಡೆಗೆ, ತಂಗಿಯನ್ನು ಇನ್ನೊಂದು ಕಡೆಗೆ ಹಂಚಿದ ಲೆಕ್ಕ ಅದು ಎಂದು ತಿಳಿದದ್ದು ಎಮರಾಲ್ಡಿನ ಆ ಅಡುಗೆಮನೆಯಲ್ಲಿ. ಅಜ್ಜಿಯ ತಮ್ಮ ಐವರ್ನಾಡಿನ ಕಡೆ ರಬ್ಬರ್ ಹಾಲು ತೆಗೆಯುತ್ತಿದ್ದವರು, ಈಗ ನಿವೃತ್ತರು. ಫೋನಿನಲ್ಲಿ ಮಾತು ಉಂಟು, ಮುಖ ಕಾಣದೆ ವರ್ಷಗಳಾಗಿವೆ. ಹೊರಡುವ ದಿನ ಅಜ್ಜಿ ಒಂದು ಪೊಟ್ಟಣ ಚಹಾಪುಡಿಯನ್ನೂ ತಮ್ಮನ ನಂಬರನ್ನೂ ಕೊಟ್ಟರು.

ಮಡಿಕೇರಿಯಿಂದ ಇಳಿದ ಕಾರು ಸುಳ್ಯದಲ್ಲಿ ಹೆದ್ದಾರಿ ಬಿಟ್ಟು ಸೋಣಂಗೇರಿ, ಐವರ್ನಾಡಿನ ದಾರಿ ಹಿಡಿಯಿತು. ಅಲ್ಲಿಂದ ಬೆಳ್ಳಾರೆಗಾಗಿ ಕುಂಬ್ರಕ್ಕೆ ಹೇಗೂ ರಸ್ತೆ ಇದೆ. ಕಾಲನಿಯ ಮನೆಯಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ ಆ ಹಿರಿಯರು ಪೊಟ್ಟಣ ಬಿಚ್ಚಿ ಮೂಸಿ, ಅಲ್ಲಿಯೇ ಚಹಾ ಮಾಡಿಸಿದರು. ಕನ್ನಡ, ತುಳು, ತಮಿಳು ಮೂರೂ ಬೆರೆತ ಮಾತು ಅವರದು. ಅಕ್ಕನ ಮಂಡಿನೋವು ಹೇಗುಂಟು, ಮೊಮ್ಮಗಳ ಮದುವೆ ಗೊತ್ತಾಯಿತಾ ಎಂದೆಲ್ಲ ಕೇಳಿ ಮುಗಿದ ಮೇಲೆ, ಅಲ್ಲಿ ಎಲ್ಲಿ ಉಳಿದಿರಿ, ಬಾಡಿಗೆ ಎಷ್ಟಾಯಿತು ಎಂದು ವಿಚಾರಿಸಿದರು. ಅವಳು ಹೇಳಿದ ಮೊತ್ತ ಕೇಳಿ ಅವರಿಗೆ ಬೇಸರವೇ ಆಯಿತು.

"ಅಷ್ಟು ಯಾಕೆ ಕೊಟ್ಟಿರಿ ಅಕ್ಕ? ಮುಂದಿನ ಸಲ ಹೋಗುವಾಗ ನನಗೊಂದು ಫೋನ್ ಮಾಡಿ. ಅಕ್ಕನ ಲೈನ್‌ಮನೆ ಉಂಟು, ಅಲ್ಲೇ ಇರುವ. ನಾನೂ ಬರ್ತೇನೆ."